ಮಾತ್ರೆ

ನಮ್ಮ ಬೆಟಗೇರಿಯಾಗ ಅದಕ್ಕ ಗುಳಿಗಿ ಅಂತಾರ.
ಮಾತ್ರೆ ಅಂದ್ರ ನನಗ
ಒಂಬತ್ತನೇ ಇಯತ್ತೆಯ ಹಲಗಿ ಮ್ಯಾಲಿನ ಗೀಟು,
ಅಸೂಟಿ ಮಾಸ್ತರ ಬೆರಳಿನ ಸುಣ್ಣ:
ಹ್ರಸ್ವಕ್ಕ ಒಂದು, ದೀರ್ಘಕ್ಕ ಎರಡು,
ಸ್ವರ ಕೂಡದ ಬರೇ ವ್ಯಂಜನಕ್ಕ ಅರ್ಧ,
ದೂರಿಂದ ಕರದ್ರ ಮೂರು.
"ಕಣ್ಣರೆಪ್ಪಿ ಒಮ್ಮೆ ಬಡಿಯೂವಷ್ಟು ಹೊತ್ತು ನೋಡ್ರಿ" ಅಂತಿದ್ರು.
ಮೂವತ್ತೆಂಟು ಮಂದಿ ರೆಪ್ಪಿ ಬಡಕೋತ ಕುಂತಿದ್ವಿ
ಕಣ್ಣಾಗ ಕಸ ಬಿದ್ದವರ ಹಂಗ.

ಸಾಲ್ಯಾಗ ತಿಳೀಲಿಲ್ಲ.
ಅಪ್ಪನ ಕುಣಿಮಗ್ಗದಾಗ ತಿಳೀತು.
ಟಕ ಧಡ್, ಟಕ ಧಡ್,
ನಾಕು ಮಾತ್ರೆಗೆ ಒಂದು ಎಳಿ.
ಎಳಿ ಹರಿದ್ರ ಛಂದಸ್ಸು ನಿಲ್ಲತಿತ್ತು.
ಆಮ್ಯಾಲೆ ಅಪ್ಪ ಬೈಯೂದು ಗದ್ಯ.

ಆ ವರ್ಷ ಅವ್ವಗ ಎದಿ ಹಾರತಿತ್ತು.
ಗದಗಿನ ದೊಡ್ಡ ದವಾಖಾನ್ಯಾಗ
ಚಾಮರಾಜನಗರದ ಕಡಿಂದ ಬಂದ ನರ್ಸಮ್ಮ
ಚೀಟಿ ಹಿಡದು ಹೇಳಿದ್ಲು:
"ಬೆಳಿಗ್ಗೆ ಅರ್ಧ ಮಾತ್ರೆ, ರಾತ್ರಿ ಅರ್ಧ ಮಾತ್ರೆ."
ಅವ್ವ ನನ್ನ ಮಾರಿ ನೋಡಿದ್ಲು.
"ಅರ್ಧ ಅಂದ್ರ ವ್ಯಂಜನ" ಅಂದೆ ನಾನು.
ನರ್ಸಮ್ಮನೂ ನನ್ನ ಮಾರಿ ನೋಡಿದ್ಲು.

ಟಾಂಗಾಕೂಟದ ಮೆಡಿಕಲ್ದಾಗ ದಾವಲಣ್ಣ
ಹಳೇ ಬ್ಲೇಡಿಲೆ ಒಂದೊಂದ ಕಡದು ಕೊಟ್ಟ.
ಎಷ್ಟು ಜ್ವಾಕಿಲೆ ಕಡದ್ರೂ
ಒಂದು ಅರ್ಧ ಸಣ್ಣದು, ಒಂದು ಅರ್ಧ ದೊಡ್ಡದು.
ಸಣ್ಣದನ್ನ ನುಂಗಿ, ದೊಡ್ಡದನ್ನ
ಪೌಡರ್ ಡಬ್ಬ್ಯಾಗ ಒಗೀತಿದ್ಲು ಅವ್ವ.
"ಇರಲಿ. ಜಡ್ಡು ಜೋರಾದಾಗ ಬೇಕಾಗತಾವು."

ಪರೀಕ್ಷಾದಾಗ ಕೊಟ್ಟ ಸಾಲು ಬಿಟ್ಟು
ಒಂದ ಶಬ್ದಕ್ಕ ಪ್ರಸ್ತಾರ ಹಾಕಿ ಬಂದೆ:
ಅವ್ವ.
ಅ ಅನ್ನೋದು ಹ್ರಸ್ವ. ನಲವತ್ತೊಂದು ಕಿಲೋ.
ಅದಕ್ಕ ಸ್ವಂತ ತೂಕ ಒಂದೇ ಮಾತ್ರೆ.
ಆದ್ರ ಒತ್ತಕ್ಷರದ ಹಿಂದ ನಿಂತದ್ದು ಗುರು ಆಗತೈತಿ.
ಮುಂದ ನಿಂತ ವ ನಾನು,
ನನ್ನ ಕಾಲಿಗೆ ಜೋತುಬಿದ್ದ ವತ್ತು ನನ್ನ ತಂಗಿ.
ಮಾಸ್ತರು ಕೆಂಪು ಪೆನ್ನಿಲೆ
"ಪ್ರಶ್ನೆ ಇದಲ್ಲ" ಅಂತ ಬರದು
ಅರ್ಧ ಮಾರ್ಕು ಕೊಟ್ಟಿದ್ರು.

ಮೊನ್ನೆ ಮಾಡದಾಗ ಆ ಡಬ್ಬಿ ಸಿಕ್ತು.
ಅರ್ಧ ಅರ್ಧ ಎಲ್ಲಾ ಕೂಡಿ
ಒಂದು ಹಿಡಿ ಬಿಳೇ ಪುಡಿ ಆಗಿದ್ವು.
ಬೆರಳ ಇಟ್ಟೆ, ಎಣಿಸಾಕ ಬರಲಿಲ್ಲ.
ಹಿತ್ತಲದಿಂದ ಅವ್ವ ಕೂಗಿದ್ಲು,
ಕಡೀ ಅಕ್ಷರಕ್ಕ ಮೂರು ಮಾತ್ರೆ ಎಳದು:
"ಏನ ಹುಡಕಾಕತ್ತೀಽಽ?"

"ಮಾತ್ರೆ" ಅಂದೆ.

"ಹಂಗಂದ್ರ?"