ಮನಿಮುರುಕ ಕಲ್ಲು

ನಂಬರ್ ಪ್ಲೇಟ್ ಬರಿಯಾಂವ ನಾನು.
ದುರ್ಗದಬೈಲಿನ ಹಿಂದಿನ ಓಣ್ಯಾಗ ಡಬ್ಬಿ ಅಂಗಡಿ.
ಸ್ಟಿಕರ್ ಬಂದು, ಆಮ್ಯಾಲೆ ಸರಕಾರದ ತಗಡು ಬಂದು
ಕುಂಚ ಒಣಗಿ ಕುಂತ ವರ್ಷ
ರೇಲ್ವೆ ವರ್ಕ್‌ಶಾಪಿನ್ಯಾಗ ರಿಟೈರಾದ ಮುಳಗುಂದ ಸರ್
ಬಾಗಲಾಗ ನಿಂತು ಕೇಳಿದ್ರು:
ಕಲ್ಲಿನ ಮ್ಯಾಲೆ ಸಾಸಿವಿಯಷ್ಟ ಅಕ್ಷರ ಬರೀತೀ ಏನು?

ಬರೀತೇನ್ರಿ.
ಅಕ್ಕಿಕಾಳಿನ ಮ್ಯಾಲೆ ಗಂಡ ಹೆಂಡ್ತಿ ಇಬ್ಬರನ್ನೂ ಹಿಡಿಸಿದಾಂವ.

ಕೇಶ್ವಾಪುರದ ಮನಿ. ಕಪಾಟಿನ ತುಂಬ
ಬಂಗಾರದ ಅಂಗಡಿಯ ಸಣ್ಣ ಡಬ್ಬಿ, ಒಳಗ ಹತ್ತಿ,
ಹತ್ತಿಯ ಮ್ಯಾಲೆ ಮುಗಿಲಿನ ಕಲ್ಲು.
ಮ್ಯಾಲಿನ ಸಿಪ್ಪಿ ಕರ್ರಗ, ಕೆಂಡದಾಗ ಸುಟ್ಟ ಬದನಿಕಾಯಿ ಹಂಗ,
ಒಡದಲ್ಲಿ ನೋಡಿದ್ರ ಬರೇ ಸಿಮೆಂಟಿನ ಬಣ್ಣ.
ಇಷ್ಟ ಏನ್ರಿ, ಅನ್ನಾಕಿದ್ದೆ. ಅನ್ನಲಿಲ್ಲ.

ಚಂದನ್ನ ಮುಖ ಮುಟ್ಟಬ್ಯಾಡ, ಬೆನ್ನಿಗೆ ಬರಿ, ಅಂದ್ರು ಸರ್.
ಮೊದಲ ಬಿಳಿ ಬಣ್ಣ, ಅರ್ಧ ಉಗುರಿನಷ್ಟು. ಒಣಗಲಿ.
ಅದರ ಮ್ಯಾಲೆ ಕರಿ ಶಾಯಿ, ನಂಬರ್ ಅಷ್ಟ.
ಉಳದದ್ದು ಚೀಟಿಗೆ:
ಬಿದ್ದ ಊರು, ಅಂದ್ರ ಹತ್ತರದ ಪೋಸ್ಟ್ ಆಫೀಸಿನ ಹೆಸರು
(ಮುಗಿಲಿಗೂ ಪಿನ್‌ಕೋಡ್ ಬೇಕು ನೋಡ್ರಿ),
ತಾರೀಖು, ಗ್ರಾಂ,
ಕಟ್ಟಕಡೀಕ ಒಂದು ಸಾಲು: ಬಡದದ್ದು ಏನಕ್ಕ.

ಆ ಸಾಲಿನ ಮ್ಯಾಲ ರೊಕ್ಕ.
ಹೊಲಕ್ಕ ಬಿದ್ದದ್ದು ಬರೇ ಕಲ್ಲು,
ಮನಿ ಮ್ಯಾಲೆ ಬಿದ್ದದ್ದಕ್ಕ ಹತ್ತು ಪಟ್ಟು.
ಪರದೇಶದ ಮಂದಿ ಅದಕ್ಕ ಸುತ್ತಿಗಿ ಅಂತಾರಂತ.
ನಮ್ಮ ಮಾತಿನ್ಯಾಗ ಏನನ್ನೂಣು ಮಕ್ತುಂ? ಅಂದ್ರು.
ಮನಿಮುರುಕ, ಅಂದೆ.
ಸರ್ ನಕ್ಕ ರಭಸಕ್ಕ ಹತ್ತಿ ಹಾರಿತು.
ನಮ್ಮ ಓಣ್ಯಾಗ ಮನಿಮುರುಕರಿಗೆ ಯಾರೂ ಚಾ ಕೊಡೂದಿಲ್ಲ.
ಇಲ್ಲಿ ಹಾಸಿಗಿ ಹಾಕಿ ಮಲಗಿಸಿದ್ರು.

ಒಂದು, ಯಾವುದೋ ದೇಶದ ಕೋಳಿಗೂಡಿಗೆ ಬಡದದ್ದು.
ಕೋಳಿ ಕ್ಷೇಮ, ಅಂತ ಬರಿಸಿದ್ರು.
ಇನ್ನೊಂದು ಸಾಲಿಯ ಕಕ್ಕಸದ ತಗಡಿಗೆ;
ಅದನ್ನ ತಿದ್ದಿಸಿ 'ಕಟ್ಟಡ' ಮಾಡಿಸಿದ್ರು.

ಬೆಟಗೇರಿಯದು ಬಂದದ್ದು ಶ್ರಾವಣದಾಗ.
ಅಳತಿ ಟೇಪ್ ಹಿಡ್ಯಾಕ ನಾನೂ ಹೋಗಿದ್ದೆ.
ತುಳಜಾಬಾಯಿ ಬಾಕಳೆ ಅವರ ಮನಿ, ಕುಣಿಮಗ್ಗ,
ಹಂಚು ತೂರಿ, ಹಾಸು ಹರದು,
ಆಕಿ ಕೂಡೂ ಹಲಗಿಯ ನಟ್ಟನಡುವ ತೆಗ್ಗು.
ಒಡದ ಹಂಚಿಗೂ ಸರ್ ರೊಕ್ಕ ಎಣಿಸಿದ್ರು,
ಅಷ್ಟರಾಗ ಪೂರಾ ಮಾಡು ಹೊಸದಾಗಿ ಹೊದಿಸಬಹುದಿತ್ತು.

ರಾತ್ರಿ ಒಂಬತ್ತೂ ಇಪ್ಪತ್ತು.
ಹನ್ನೆರಡು ದಿನದ ಮ್ಯಾಲೆ ಅವತ್ತ ನಳ ಬಂದಿತ್ತು.
ಓಣ್ಯಾಗ ಯಾರೋ ಕೂಗಿದ್ರು, ಈಕಿ ಕೊಡಾ ತಗೊಂಡು ಎದ್ಲು.
"ಬರ್ಲಿಲ್ಲಂದ್ರ..." ಅಂದು ಸುಮ್ನಾದ್ಲು.
ಆಮ್ಯಾಲೆ, ಸರ್‌ನ ಬಿಟ್ಟು ನನ್ನ ಕಡೆ ತಿರುಗಿ,
"ನೂರಾ ನಲವತ್ತು ಎಳಿ ಕಡದಿತ್ರಿ. ಗಂಟು ಹಾಕಾಕ ಮೂರು ದಿನ.
ಅದನ್ನೂ ಬರೀತೀರೇನು ಚೀಟ್ಯಾಗ?"

ಚೀಟಿ ಎರಡು ಬೆರಳಗಲ.
ಬೆಟಗೇರಿ. ಇನ್ನೂರ ಹನ್ನೊಂದು ಗ್ರಾಂ.
ಬಡಿದದ್ದು: ಮಾಡು, ನಂತರ ಮಗ್ಗ. ಯಾರಿಗೂ ಗಾಯವಿಲ್ಲ.
ಜಾಗಾ ಮುಗೀತು.

ಇಪ್ಪತ್ತೆಂಟು ವರ್ಷದಾಗ ಕೊಟ್ಟದ್ದು ಬಿಟ್ಟು
ಒಂದಂಕಿ ಹೆಚ್ಚು ಬರದಾಂವಲ್ಲ ನಾನು.
ಕಳ್ಳರು ಕೇಳಿದ್ರು, ಪೊಲೀಸರೂ ಕೇಳಿದ್ರು.
ಅವತ್ತ ಸರ್ ಮಜ್ಜಗಿ ತರಾಕ ಒಳಗ ಹೋದಾಗ
ಅಳಿಲಿನ ಬಾಲದ ಒಂಟಿ ಕೂದಲಿನ ಕುಂಚ ತಗದೆ.
ಬಿಳಿ ಬಣ್ಣದ ಮ್ಯಾಲೆ, ನಂಬರಿನ ಕೆಳಗ, ಎರಡ ಶಬ್ದ:
ನಳ ಬಂದಿತ್ತು.

ಸರ್ ಭೂತಗನ್ನಡಿ ಹಿಡದು ನಂಬರ್ ತಾಳೆ ನೋಡಿದ್ರು,
ಕಂಡಿತೋ ಬಿಟ್ಟಿತೋ, ಹತ್ತಿ ಮುಚ್ಚಿದ್ರು.
ನಾಳೆ ಯಾವನೋ ಕೊಂಡು, ಊರೂರು ಹೊತ್ತು,
ಇದು ಕಲ್ಲಿನ ಜಾತಿ ಇರಬೇಕಂತ
ದೊಡ್ಡ ಪುಸ್ತಕ ತಗದು ಹುಡುಕ್ಯಾನು.
ಹುಡುಕಲಿ.
ಚಾಳೀಸು ಹಾಕದಿದ್ರ
ಬರದ ನನಗೂ ಅದು ಒಂದು ಗೀರು ಅಷ್ಟ.