ತಿರುಗಿ ಬರೋ ದಾರಿ

ಬ್ರಹ್ಮಪುರದ ಆ ಮನಿ ಗ್ವಾಡಿ ಎರಡು ಮೊಳ ದಪ್ಪ.
ಫರಸಿ ಕಲ್ಲು, ಮಣ್ಣು, ಮ್ಯಾಲ ಸುಣ್ಣ.
ಸುಣ್ಣ ಕೆರೆದರ ನೀಲಿ, ನೀಲಿ ಕೆರೆದರ ಹಸರು,
ಹಸರಿನ ಕೆಳಗ ಯಾರದೋ ಮದಿವಿಯ
ಹುರಮಂಜಿ ಅಂಗೈ.

ಬಟನ್ ಬಿಚ್ಚಿದೆ. ಕರೀ ಗುಂಡು ಬಟನ್,
ಹಿಟ್ಟಿನ ಕೈ, ಎಣ್ಣಿ ಕೈ, ಕೂಸಿನ ಕೈ
ತಾಗಿ ತಾಗಿ ಮೂಗು ಸವೆದದ್ದು.

ಒಳಗ ಎರಡೇ ವಾಯರ್.
ಒಂದು ಬರೋದು, ಒಂದು ಬಲ್ಬಿಗೆ ಹೋಗೋದು.
ತಿರುಗಿ ಬರೋದು ಇಲ್ಲಿಗೆ ಇಳಿದೇ ಇಲ್ಲ,
ಜಂತಿ ಹಿಡಕೊಂಡು ಮ್ಯಾಲಿಂದ ಮ್ಯಾಲೇ ಹೊಂಟದ,
ಬೀಗರ ಮನಿ ಮುಂದಿಂದ ಸಿಟ್ಟಿನಾಗ ಹೋದಂಗ.

ಮರದ ಗುಟ್ಟಿ ಬೆನ್ನಿಗೆ ಪೆನ್ಸಿಲ್ ಗೀಟು:
ಒಂದು ಬಾಣ, ಒಂದು ತಾರೀಖು, ಒಂದು ‘ಮ’.
ಮಶಾಕ ಉಸ್ತಾದ!
ನನಗ ಟೆಸ್ಟರ್ ಹಿಡಿಯೋದು ಕಲಿಸಿದಾಂವ.
ತಾಮ್ರ ತುಟ್ಟಿ ಇದ್ದಾಗ ಒಂದೊಂದು ಗೇಣು ಉಳಿಸ್ಯಾನ.
ಬೈಲಾಕ ಬಾಯಿ ಬರಲಿಲ್ಲ.

ಸೊಸಿ ತರಿಸಿದ ಡಬ್ಬಿಯೊಳಗ ಗಾಜಿನ ಬಟನ್,
ಫೋನಿಂದ ಹಚ್ಚೋದು, ಫೋನಿಂದ ಆರಿಸೋದು.
‘ಇದಕ್ಕ ನ್ಯೂಟ್ರಲ್ ಬೇಕ್ರೀ, ಗ್ವಾಡಿ ಕೊರೀಬೇಕು.’

ನೀಲಗಂಗಮ್ಮ ತೊಗರಿ ಹಸನ ಮಾಡ್ತಿದ್ದಳು.
ಕಣ್ಣಿಲ್ಲ; ಹಳ್ಳು ಬೆರಳಿಗೆ ಸಿಗ್ತಾವ.
‘ಆರಿಸಿದ ಮ್ಯಾಲೂ ಯಾಕ ಬೇಕೋ ಭೀಮಶಾ?’
‘ಕತ್ತಲದಾಗೂ ಎಚ್ಚರ ಇರ್ತದವ್ವಾ,
ಯಾರರ ಕರೀತಾರೇನಂತ.’
‘ಹಂಗಾರ ಹೊಟ್ಟಿಗಿ?’
‘ಒಂದು ಹನಿ ಕರೆಂಟ್.’
‘ಪಾಪ,’ ಅಂದಳು. ‘ಕಾವಲದಾಂವಗ ಚಾ ಇದ್ದಂಗ.’

ಆಮ್ಯಾಲ ಗಾಜು ಸವರಿದಳು,
ಒಂದು ಸಲ, ಇನ್ನೊಂದು ಸಲ.
‘ಇದರ ಮೂಗು ಎಲ್ಲದ?
ಮೂಗು ಕೆಳಗಿದ್ರ ಬೆಳಕದ ಅಂತ ನನಗ ಗೊತ್ತಾಗ್ತಿತ್ತು.
ಬಂದ ಮಂದೀನ ಕತ್ತಲದಾಗ ಕುಂದ್ರಸಬಾರದಲ್ಲ.’

ದಿನಾ ಪೂರ್ತಿ ಉಳಿ ಹೊಡೆದೆ.
ಆ ಅಂಗೈ ಬಂದಲ್ಲಿ ಸಾಲು ಒಂದು ಗೇಣು ಸರಿಸಿದೆ,
ಉಸ್ತಾದ ಉಳಿಸಿದ್ದನ್ನ ಅಷ್ಟೂ ಕಳೆದೆ.
ಮೂರು ಖೋಲಿಗೆ ಗಾಜು.
ಪಡಸಾಲಿಗೆ ಮಾತ್ರ ಅದೇ ಗುಂಡು ಬಟನ್ ತಿರುಗಿ ಕೂಡಿಸಿದೆ;
ಸೊಸಿ ಮಾರಿ ಸಣ್ಣದಾಯ್ತು, ಹಂಗೇ ರೊಕ್ಕ ಎಣಿಸಿದಳು.

ಸಂಜಿ. ಗ್ವಾಡಿ ಹಿಡಕೊಂಡು ಬಂದಳು ಮುದುಕಿ,
ಟಕ್ ಅನಿಸಿದಳು.
‘ಲೈಟ್ ಹಚ್ಚೀನಿ, ಕುಂದ್ರು, ಚಾ ತರ್ತೀನಿ.’

ಮೇನ್ ನಾ ಇನ್ನೂ ಎತ್ತಿರಲಿಲ್ಲ.
‘ಹೂಂನ್ರೀ,’ ಅಂದೆ.
ಕುಂತೆ.
ಬಶಿ ಎಲ್ಲದ ಅಂತ ಬೆರಳಿಂದ ಹುಡುಕಿದೆ.