ಒದ್ದೆ ಕಲ್ಲು

ಏಳೂವರೆಗೆ ಪ್ರಾಗಿನ ಟ್ರಾಮ್ ನಿಲ್ದಾಣದಲ್ಲಿ
ಎಂಟು ತಲೆ ಎಣಿಸುತ್ತೇನೆ.
ಎಂಟು ನೀರಿನ ಬಾಟಲಿ, ಎಂಟು ಜೋಡಿ ಶೂ,
ಅದರಲ್ಲಿ ಮೂರು ಜೋಡಿ ಈ ದಾರಿಗೆ ಆಗಿಬರುವುದಿಲ್ಲ
ಎಂದು ನೋಡಿದ ಕೂಡಲೇ ಗೊತ್ತು. ಹೇಳುವುದಿಲ್ಲ.
ಹೆಸರು ಬ್ಲಾಂಕಾ. ಹನ್ನೊಂದು ವರ್ಷದಿಂದ ಇದೇ ಕಸುಬು,
ವ್ಯಾನಿನಲ್ಲಿ ಆಡುವ ಮಾತೂ ಅದೇ:
ಇವತ್ತು ಎರಡು ದೇಶ, ಎರಡು ಕಾಡು, ಕಲ್ಲು ಮಾತ್ರ ಒಂದೇ.

ಕಲ್ಲು ಅಂದೆನೇ? ಮರಳು.
ಕಡಲು ಇಲ್ಲಿಂದ ಎದ್ದುಹೋಗುವಾಗ
ಮಡಚದೆ ಬಿಟ್ಟುಹೋದ ಹಾಸಿಗೆ.
ಕೈಯಿಟ್ಟು ನೋಡಿ, ಅನ್ನುತ್ತೇನೆ. ಎಲ್ಲರೂ ಇಡುತ್ತಾರೆ.
ಅಂಗೈಗೆ ಹಳದಿ ಹುಡಿ ಹತ್ತುತ್ತದೆ.
ಎಲ್ಲರೂ ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ.

ಹ್ರೆನ್ಸ್ಕೊದಲ್ಲಿ ಇಳಿದರೆ ಶ್ರೀಮತಿ ತ್ವೆಟ್ ಅಂಗಡಿ:
ಸಾಲಾಗಿ ನಿಂತ ಪ್ಲಾಸ್ಟರಿನ ಕುಳ್ಳರು,
ಕೆಂಪು ಟೋಪಿ, ಕೈಯಲ್ಲಿ ಲಾಟೀನು.
ಕಾಡಿಗೆ ಬೆಂಕಿ ಬಿದ್ದ ಬೇಸಿಗೆ ಊರು ಖಾಲಿ ಮಾಡಿಸಿದಾಗ
ಆಕೆ ಹೊತ್ತೊಯ್ದದ್ದು ಲೆಕ್ಕದ ಪುಸ್ತಕ, ಅನ್ನದ ಕುಕ್ಕರು,
ಮತ್ತು ಒಬ್ಬ ಕುಳ್ಳ.
ಅವನೇ ಯಾಕೆ? ಅಂದದ್ದಕ್ಕೆ
ಮೂಗು ಒಡೆದಿತ್ತು, ಯಾರೂ ಕೊಳ್ಳುತ್ತಿರಲಿಲ್ಲ, ಅಂದಳು.
ಈಗ ಅವನು ಗಲ್ಲಾಪೆಟ್ಟಿಗೆಯ ಮೇಲೆ. ಮಾರಾಟಕ್ಕಿಲ್ಲ.

ಮೇಲೆ ಹತ್ತುವಾಗ, ಸುಟ್ಟ ಸ್ಪ್ರೂಸ್ ಮರಗಳ ನಡುವೆ
ಮಾತು ತಾನಾಗಿ ನಿಲ್ಲುತ್ತದೆ.
ಕರಿ ಬುಡದ ಸುತ್ತ ಆಳೆತ್ತರ ಬರ್ಚ್ ಸಸಿ.
ಯಾರು ನೆಟ್ಟರು? ದಿನಕ್ಕೊಬ್ಬರಾದರೂ ಕೇಳುತ್ತಾರೆ.
ಯಾರೂ ಇಲ್ಲ, ಅಂದರೆ ಮುಖ ಸಪ್ಪಗಾಗುತ್ತದೆ.

ಕಲ್ಲಿನ ಕಮಾನು. ಅರ್ಧ ಗಂಟೆ ಫೋಟೋ.
ಅದರಾಚೆಯ ಒಂಟಿ ಕಂಬವನ್ನು ಯಾರಿಗೂ ತೋರಿಸುವುದಿಲ್ಲ;
ಅಪ್ಪ ಏರುತ್ತಿದ್ದದ್ದು ಅಂಥವನ್ನು.
ಈ ಬಂಡೆಗೆ ಕಬ್ಬಿಣ ತುರುಕಬಾರದು,
ಬಿರುಕಿನೊಳಗೆ ಹಗ್ಗದ ಗಂಟು ತುರುಕಿ
ಆ ಗಂಟಿಗೇ ಜೀವ ಕಟ್ಟಬೇಕು.
ಚಳಿಗಾಲವೆಲ್ಲ ಅಡುಗೆಮನೆಯಲ್ಲಿ ಕೂತು ಹಾಕುತ್ತಿದ್ದ:
ಮುಷ್ಟಿಯಷ್ಟು, ಹೆಬ್ಬೆರಳಷ್ಟು, ಬಟಾಣಿಯಷ್ಟು.
ಇನ್ನೊಂದು ನಿಯಮ: ಮಳೆ ಬಂದರೆ ಎರಡು ದಿನ
ಕಲ್ಲನ್ನು ಅದರ ಪಾಡಿಗೆ ಬಿಡಬೇಕು.
ಒದ್ದೆಯಾದ ಕಲ್ಲು ಕಲ್ಲಲ್ಲ,
ತಾನು ಏನಾಗಿತ್ತೆಂದು ಅದಕ್ಕೆ ನೆನಪಾಗುತ್ತದೆ.

ಅಮ್ಮ ಅತ್ತ ದಿನಗಳಲ್ಲೂ ಅಪ್ಪ ಹಾಗೆಯೇ.
ಬಾಗಿಲಾಚೆ ನಿಂತು, ಕೈ ಹಿಂದೆ ಕಟ್ಟಿ,
ಒಣಗಲಿ ಎಂದು ಕಾಯುತ್ತಿದ್ದ.
ಹೇಡಿತನ ಅಂದುಕೊಂಡಿದ್ದೆ ಬಹಳ ದಿನ.
ಈಗಲೂ ಅರ್ಧ ಹಾಗೆಯೇ ಅಂದುಕೊಂಡಿದ್ದೇನೆ.

ಬೆಳ್ಳುಳ್ಳಿ ಸೂಪು. ಗಡಿ, ಯಾರಿಗೂ ತಿಳಿಯದಂತೆ, ದಾಟಿತು.
ಜರ್ಮನಿಯ ಬದಿಯಲ್ಲಿ ಸೇತುವೆ, ಕೆಳಗೆ ನದಿ,
ಆಟಿಕೆಯಂಥ ಹಡಗು.
ಝಾಗ್ರೆಬ್ಬಿನ ದಂತವೈದ್ಯ, ಬೆಳಗಿನಿಂದ ಒಂದೂ ಮಾತಾಡದವ,
ಎಲ್ಲರಿಗೂ ಬೆನ್ನು ಮಾಡಿ
ಮಾತ್ರೆಡಬ್ಬಿಯ ಗುರುವಾರದ ಖಾನೆಗೆ
ಒಂದು ಚಿಟಿಕೆ ಮರಳು ಹಾಕಿಕೊಂಡ.
ಇಂದಿನ ಮಾತ್ರೆ ನುಂಗಿ ಖಾಲಿಯಾದ ಜಾಗ.
ಒಯ್ಯುವಂತಿಲ್ಲ, ಅಂದೆ.
ಅವನು ಡಬ್ಬಿ ಬೋರಲು ಹಾಕಿ ಎರಡು ಸಲ ತಟ್ಟಿದ.
ಕಿವಿಯವರೆಗೂ ಕೆಂಪಾಗಿದ್ದ.
ವಾಪಸು ಬರುವಷ್ಟು ಹೊತ್ತೂ
ನಾನು ಅಂದದ್ದು ಸರಿ ಎಂದು ನನಗೇ ಹೇಳಿಕೊಂಡೆ.

ರಾತ್ರಿ ಮನೆಯಲ್ಲಿ ಬಚ್ಚಲ ಮೇಲೆ ಶೂ ಬೋರಲು ಹಾಕಿದರೆ
ಒಂದಲ್ಲ, ಹತ್ತು ಚಿಟಿಕೆ.
ಹನ್ನೊಂದು ವರ್ಷ, ದಿನಾ.
ಯಾವ ಜಾಲರಿಗೂ ಸಿಗದಷ್ಟು ಸಣ್ಣದಾದರೆ
ವ್ಲ್ತಾವಾಕ್ಕೆ ಬಿದ್ದು, ಅಲ್ಲಿಂದ ಲಾಬೆಗೆ,
ಹ್ರೆನ್ಸ್ಕೊದಲ್ಲಿ ತನ್ನದೇ ಬಂಡೆಯ ಕಾಲಡಿ ಹಾದು
ಕಡಲಿಗೆ ಹೋದೀತು.
ಕುಳ್ಳರು ನೋಡಿಯಾರು.

ಕಿಟಕಿಗೆ ಹನಿ ಬೀಳುತ್ತಿದೆ.
ನಾಳೆಯ ಎಂಟರಲ್ಲಿ ಒಬ್ಬಾಕೆಯ ಸಂದೇಶ:
ಮಳೆ ಬಂದರೂ ಪ್ರವಾಸ ಉಂಟೇ?
ಉಂಟು, ಎಂದು ಬರೆದೆ.
ನೋಡಬಹುದು.
ಮುಟ್ಟುವಂತಿಲ್ಲ.